ಪುಸ್ತಕ ಮುಚ್ಚಿ ಓದುವುದನ್ನು ಕಾಲೇಜುಗಳು ಕಲಿಸಲಿ

ಮಾನ್ಯ ಸಂಪಾದಕರೇ,

ಪದವಿ ಕಾಲೇಜುಗಳ ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಿತೆಂದರೆ ನಮ್ಮ ಊರಿನ ಜೆರಾಕ್ಸ್ ಅಂಗಡಿಗಳ ಮುಂದೆ ಬೆಳಿಗ್ಗೆಯಿಂದಲೇ ಸಾಲು ನಿಲ್ಲುತ್ತದೆ. ಒಬ್ಬರ ನೋಟ್ಸು ಇಪ್ಪತ್ತು ಮಂದಿಯ ಕೈ ಸೇರುತ್ತದೆ. ಅದರ ಮೇಲೆ ಹಳದಿ, ಹಸಿರು ಹೈಲೈಟರಿನ ಗೆರೆಗಳು ಬೀಳುತ್ತವೆ. ಹಿಂದಿನ ರಾತ್ರಿ ಅದನ್ನು ಮೂರು ನಾಲ್ಕು ಬಾರಿ ಓದಿ ಮುಗಿಸಿ, ನಿದ್ದೆಗೆಟ್ಟ ಕಣ್ಣುಗಳೊಂದಿಗೆ ಮಕ್ಕಳು ಪರೀಕ್ಷಾ ಕೊಠಡಿಗೆ ಬರುತ್ತಾರೆ. 31 ವರ್ಷ ವಾಣಿಜ್ಯಶಾಸ್ತ್ರದ ಪಾಠ ಮಾಡಿ ನಿವೃತ್ತಳಾದ ನಾನು ಇದನ್ನು ಪ್ರತಿ ವರ್ಷ ಕಂಡಿದ್ದೇನೆ. ಈ ಮಕ್ಕಳು ಸೋಮಾರಿಗಳೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅವರು ನಿಜವಾಗಿಯೂ ಕಷ್ಟಪಡುತ್ತಾರೆ. ಆದರೆ ಹೇಗೆ ಓದಬೇಕೆಂಬುದನ್ನು ಒಂದನೇ ತರಗತಿಯಿಂದ ಪದವಿಯ ಕೊನೆಯವರೆಗೂ ಯಾರೂ ಅವರಿಗೆ ಹೇಳಿಕೊಡುವುದಿಲ್ಲ. "ಚೆನ್ನಾಗಿ ಓದಿ" ಎಂದಷ್ಟೇ ಹೇಳಿ ನಾವೆಲ್ಲ ನಮ್ಮ ಕರ್ತವ್ಯ ಮುಗಿಯಿತೆಂದುಕೊಳ್ಳುತ್ತೇವೆ.

ಒಮ್ಮೆ ಓದಿದ ಪುಟವನ್ನು ಎರಡನೆಯ ಸಲ ಓದುವಾಗ ಎಲ್ಲವೂ ಸಲೀಸಾಗಿ ಸಾಗುತ್ತದೆ. ಮೂರನೆಯ ಸಲಕ್ಕೆ ಮುಂದಿನ ಸಾಲು ಏನೆಂಬುದೂ ಹೊಳೆಯುತ್ತದೆ. ಆಗ ವಿದ್ಯಾರ್ಥಿಗೆ "ಇದು ನನಗೆ ಬರುತ್ತದೆ" ಎನ್ನಿಸುವುದು ಸಹಜ. ಆದರೆ ಬಂದಿರುವುದು ಪುಟದ ಪರಿಚಯವೇ ಹೊರತು ವಿಷಯವಲ್ಲ. ದಿನವೂ ಬಸ್ ನಿಲ್ದಾಣದಲ್ಲಿ ನೋಡುವವರ ಮುಖ ಎಷ್ಟು ಪರಿಚಿತವಾಗಿದ್ದರೂ ಅವರು ಕಣ್ಣೆದುರು ಇಲ್ಲದಾಗ ಮುಖಚಹರೆ ವಿವರಿಸಿ ಎಂದರೆ ನಾವು ತಡವರಿಸುತ್ತೇವಲ್ಲ, ಪರೀಕ್ಷಾ ಕೊಠಡಿಯಲ್ಲಿ ಆಗುವುದೂ ಅದೇ. ಅಲ್ಲಿ ನೋಟ್ಸು ಎದುರಿಗಿರುವುದಿಲ್ಲ; ನೆನಪಿನಿಂದ ಹೊರತೆಗೆಯಬೇಕು. ಹೊರತೆಗೆಯುವ ಕೆಲಸವನ್ನು ವಿದ್ಯಾರ್ಥಿ ಅಲ್ಲಿಯವರೆಗೆ ಒಮ್ಮೆಯೂ ಮಾಡಿರುವುದಿಲ್ಲ.

ಇದು ನನ್ನೊಬ್ಬಳ ಅನಿಸಿಕೆಯಲ್ಲ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಅವರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಪ್ರತಿಯೊಬ್ಬ ಉಪನ್ಯಾಸಕರೂ ತಿಳಿದಿರಬೇಕೆಂದು ನನಗನ್ನಿಸುತ್ತದೆ. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪಿಗೆ ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲೂ ಓದಲು ಕೊಟ್ಟರು. ಇನ್ನೊಂದು ಗುಂಪಿನವರು ಮೊದಲ ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರು ಅವಧಿಗಳಲ್ಲಿ ಗದ್ಯವನ್ನು ನೋಡದೆ ನೆನಪಿದ್ದಷ್ಟನ್ನು ಬರೆದರು. ಮೊದಲ ಗುಂಪಿನವರು ನಾಲ್ಕೂ ಅವಧಿ ಸೇರಿ ಸರಾಸರಿ 14 ಬಾರಿ ಓದಿದ್ದರೆ ಎರಡನೆಯವರು ತಮ್ಮ ಒಂದೇ ಅವಧಿಯಲ್ಲಿ ಓದಿದ್ದು ಮೂರು ಬಾರಿಗಿಂತ ತುಸು ಹೆಚ್ಚು ಅಷ್ಟೇ. ಐದು ನಿಮಿಷದ ನಂತರ ಕೇಳಿದಾಗ ಓದಿದವರು ಶೇ 83ರಷ್ಟನ್ನು, ಬರೆದವರು ಶೇ 71ರಷ್ಟನ್ನು ಹೇಳಿದರು. ಒಂದು ವಾರದ ನಂತರ ಕೇಳಿದಾಗ ಓದಿದವರಲ್ಲಿ ಉಳಿದಿದ್ದು ಶೇ 40, ಬರೆದವರಲ್ಲಿ ಶೇ 61. ಇದಕ್ಕಿಂತಲೂ ನನ್ನನ್ನು ಯೋಚನೆಗೆ ಹಚ್ಚಿದ್ದು ಇನ್ನೊಂದು ಸಂಗತಿ: ವಾರದ ನಂತರ ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ವಿಶ್ವಾಸ ಹೆಚ್ಚಾಗಿದ್ದುದು ಪದೇ ಪದೇ ಓದಿದವರಲ್ಲೇ.

ಹಿಂದಿನ ರಾತ್ರಿಯ ಓದು ಏಕೆ ಇಷ್ಟು ಗಟ್ಟಿಯಾಗಿ ಬೇರುಬಿಟ್ಟಿದೆ ಎಂಬುದಕ್ಕೂ ಇದರಲ್ಲೇ ಉತ್ತರವಿದೆ. ಓದಿದ ಕೂಡಲೇ ಪರೀಕ್ಷೆ ಬರೆದರೆ ಅದು ಒಂದಿಷ್ಟು ಅಂಕ ತಂದುಕೊಡುತ್ತದೆ. ಆದ್ದರಿಂದ "ಮೇಡಂ, ನಾನು ಹಾಗೇ ಓದಿ ಪಾಸಾದೆ" ಎನ್ನುವ ವಿದ್ಯಾರ್ಥಿ ಸುಳ್ಳು ಹೇಳುತ್ತಿಲ್ಲ. ಆದರೆ ಮೊದಲ ಸೆಮಿಸ್ಟರಿನಲ್ಲಿ ಲೆಕ್ಕಪತ್ರದ ಮೊದಲ ಪಾಠಗಳಾದ ಜರ್ನಲ್, ಲೆಡ್ಜರ್, ತಾಳೆಪಟ್ಟಿಗಳನ್ನು ಹೀಗೆ ಓದಿ ಪಾಸಾದವನಿಗೆ ಮುಂದೆ ಕಂಪನಿ ಲೆಕ್ಕಪತ್ರ ಬಂದಾಗ ಯಾವುದನ್ನು ಡೆಬಿಟ್ ಮಾಡಬೇಕು, ಯಾವುದನ್ನು ಕ್ರೆಡಿಟ್ ಮಾಡಬೇಕು ಎಂಬುದೇ ಮರೆತಿರುತ್ತದೆ. ಬ್ಯಾಕ್‌ಲಾಗ್‌ಗಳ, ಅಂದರೆ ಪಾಸಾಗದೆ ಬಾಕಿ ಉಳಿಯುವ ವಿಷಯಗಳ, ಸರಪಳಿ ಅಲ್ಲಿಂದ ಆರಂಭವಾಗುತ್ತದೆ.

ಲೆಕ್ಕಪತ್ರದ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಬಿಡಿಸಿದ ಲೆಕ್ಕವನ್ನು ಓದುತ್ತಾ ತಲೆದೂಗುವುದು ಸುಲಭ. ಪ್ರತಿ ಹೆಜ್ಜೆಯೂ ಸರಿಯೆನಿಸುತ್ತದೆ. ಸವಕಳಿಯ, ಅಂದರೆ ಬಳಸಿದಂತೆ ಆಸ್ತಿಯ ಮೌಲ್ಯ ವರ್ಷವರ್ಷ ಇಳಿಯುವುದರ, ಅಧ್ಯಾಯವನ್ನೇ ನೋಡಿ. 1 ಲಕ್ಷ ರೂಪಾಯಿಯ ಯಂತ್ರಕ್ಕೆ ಶೇ 10ರ ಸವಕಳಿಯೆಂದರೆ ಮೂಲ ಬೆಲೆಯ ಮೇಲೆ ಲೆಕ್ಕ ಹಾಕುವ ಪದ್ಧತಿಯಲ್ಲಿ ಎರಡನೆಯ ವರ್ಷವೂ 10,000 ರೂಪಾಯಿ; ಉಳಿದ ಮೌಲ್ಯದ ಮೇಲೆ ಹಾಕುವ ಪದ್ಧತಿಯಲ್ಲಿ 9,000 ರೂಪಾಯಿ. ಸೋಮವಾರ ಒಂದು ಪದ್ಧತಿಯ ಹತ್ತು ಲೆಕ್ಕ, ಮಂಗಳವಾರ ಇನ್ನೊಂದರ ಹತ್ತು ಲೆಕ್ಕ ಮಾಡಿದವರು ಎರಡೂ ದಿನ ತಪ್ಪಿಲ್ಲದೆ ಮಾಡುತ್ತಾರೆ. ಎರಡನ್ನೂ ಕಲಸಿ ಕೊಟ್ಟ ದಿನ ಎಡವುತ್ತಾರೆ. ಏಕೆಂದರೆ ಯಾವ ಲೆಕ್ಕಕ್ಕೆ ಯಾವ ಪದ್ಧತಿ ಎಂದು ತಾವೇ ಗುರುತಿಸುವ ಅಭ್ಯಾಸ ಅವರಿಗೆ ಆಗಿರುವುದಿಲ್ಲ. ಆದ್ದರಿಂದ ಹಳೆಯ ಅಧ್ಯಾಯದ ಎರಡು ಲೆಕ್ಕಗಳನ್ನು ಹೊಸ ಅಧ್ಯಾಯದ ಲೆಕ್ಕಗಳ ನಡುವೆ ಸೇರಿಸಿ, ಉತ್ತರವನ್ನು ಕಾಗದದಿಂದ ಮುಚ್ಚಿಟ್ಟು ಬಿಡಿಸುವುದು ಒಳ್ಳೆಯದು. ತಪ್ಪಾದರೆ ಆಗಲಿ, ಎಲ್ಲಿ ತಪ್ಪಿತು ಎಂದು ಹಿಂದಿರುಗಿ ನೋಡುವ ಆ ಐದು ನಿಮಿಷದಲ್ಲಿ ಕಲಿತದ್ದು ಸುಲಭವಾಗಿ ಅಳಿಸಿಹೋಗುವುದಿಲ್ಲ.

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳ ಕಷ್ಟ ಬೇರೆಯೇ ಬಗೆಯದು, ಅದರ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ, ಆಮೇಲೆ ಇಂಗ್ಲಿಷಿನ ಪಠ್ಯ ಎದುರಾದಾಗ, ಅರ್ಥವಾಗದ ವಾಕ್ಯಗಳನ್ನು ಉರು ಹೊಡೆಯುವುದೊಂದೇ ಅವರಿಗೆ ತೋಚುವ ದಾರಿ. ಒಂದು ಪದ ಮರೆತರೆ ಇಡೀ ಉತ್ತರ ಕೈಬಿಟ್ಟುಹೋಗುತ್ತದೆ. ಇಂತಹ ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿದ್ದುದು ಇಷ್ಟು: ಪಾಠ ಮುಗಿದ ದಿನವೇ ಪುಸ್ತಕ ಮುಚ್ಚಿ, ಅದರಲ್ಲಿ ಏನಿತ್ತೆಂದು ಮನೆಯಲ್ಲಿ ತಾಯಿಗೋ ತಮ್ಮನಿಗೋ ಹೇಳುವಂತೆ ಕನ್ನಡದಲ್ಲಿ ಹೇಳಿ, ಹೇಳಲಾಗದೆ ನಿಂತ ಜಾಗವನ್ನು ಗುರುತು ಮಾಡಿಕೊಂಡು ಮತ್ತೆ ಓದಿ, ವಿಷಯ ಕನ್ನಡದಲ್ಲಿ ನಿಂತ ಮೇಲೆ ಅದನ್ನೇ ನಾಲ್ಕಾರು ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಿರಿ. ಮೊದಲ ತಿಂಗಳು ಇದು ನಿಧಾನವೆನಿಸುತ್ತದೆ. ಬೇಡಿಕೆ ಹೆಚ್ಚಿದರೆ ಬೆಲೆ ಏಕೆ ಏರುತ್ತದೆ ಎಂಬುದನ್ನು ಸಂತೆಯ ಟೊಮೆಟೊ ಬೆಲೆಯ ಉದಾಹರಣೆಯೊಂದಿಗೆ ತನ್ನ ಮಾತಿನಲ್ಲಿ ಹೇಳಬಲ್ಲ ಹುಡುಗಿಗೆ ಪುಸ್ತಕದ ವಾಕ್ಯ ಮರೆತರೂ ಉತ್ತರ ಮರೆಯುವುದಿಲ್ಲ.

ನಮ್ಮ ಹಿರಿಯರು ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳನ್ನು ಸಾಲಾಗಿ ಕೂರಿಸಿ ಮಗ್ಗಿ ಹೇಳಿಸುತ್ತಿದ್ದರು. ಬಾಯಿಪಾಠವೆಂದು ಅದನ್ನು ನಾವು ಹಗುರವಾಗಿ ಕಂಡೆವು. ಅರ್ಥವಿಲ್ಲದ ಬಾಯಿಪಾಠವನ್ನು ನಾನೂ ಸಮರ್ಥಿಸುವುದಿಲ್ಲ. ಆದರೆ ನೋಡದೆ ಹೇಳುವುದು, ದಿನ ಬಿಟ್ಟು ದಿನ ಮತ್ತೆ ಹೇಳುವುದು ಎಂಬ ಎರಡು ಒಳ್ಳೆಯ ಅಂಶಗಳು ಅದರಲ್ಲಿದ್ದವು. ಜರ್ಮನಿಯ ಮನಃಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹಾಸ್ ಅವರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಕಲಿತು, ತಮ್ಮ ಮರೆವನ್ನು ತಾವೇ ಅಳೆದು 1885ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಕಲಿಕೆಯನ್ನು ಹಲವು ದಿನಗಳಿಗೆ ಹಂಚಿದರೆ ಕಡಿಮೆ ಶ್ರಮ ಸಾಕೆಂದು ಕಂಡುಬಂದಿತ್ತು. 2013ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ಡನ್‌ಲಾಸ್ಕಿ ಮತ್ತು ಸಹೋದ್ಯೋಗಿಗಳು ಓದಿನ ಹತ್ತು ವಿಧಾನಗಳನ್ನು ಪರಿಶೀಲಿಸಿದಾಗ ಹೆಚ್ಚು ಉಪಯುಕ್ತವೆಂದು ಕಂಡವು ಎರಡೇ: ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಓದನ್ನು ಬೇರೆ ಬೇರೆ ದಿನಗಳಿಗೆ ಹಂಚಿಕೊಳ್ಳುವುದು. ಗೆರೆ ಎಳೆಯುವುದು, ಮತ್ತೆ ಮತ್ತೆ ಓದುವುದು ಕಡಿಮೆ ಉಪಯೋಗದ ಪಟ್ಟಿಯಲ್ಲಿದ್ದವು.

ಹೀಗೆ ನೋಡದೆ ನೆನಪಿಸಿಕೊಳ್ಳುವುದಕ್ಕೆ ಪ್ರತ್ಯೇಕ ಕೋಣೆ, ಮೇಜು, ಹಣ ಯಾವುದೂ ಬೇಕಿಲ್ಲವೆಂಬುದು ಹಳ್ಳಿಯ ಮಕ್ಕಳಿಗೆ ದೊಡ್ಡ ಅನುಕೂಲ. ಬೆಳಿಗ್ಗೆ ಮನೆಗೆಲಸ ಮುಗಿಸಿ, ಮುಕ್ಕಾಲು ಗಂಟೆ ಬಸ್ಸಿನಲ್ಲಿ ನಿಂತುಕೊಂಡೇ ಬರುವ ಹುಡುಗಿಗೆ ಅಲ್ಲಿ ಪುಸ್ತಕ ತೆರೆಯಲಾಗದು. ಆದರೆ ನಿನ್ನೆಯ ಪಾಠದ ಐದು ಅಂಶಗಳನ್ನು ಮನಸ್ಸಿನಲ್ಲೇ ನೆನಪಿಸಿಕೊಳ್ಳಬಹುದು. ಪಕ್ಕದಲ್ಲಿ ಸಹಪಾಠಿಯಿದ್ದರೆ ಒಬ್ಬರಿಗೊಬ್ಬರು ಪ್ರಶ್ನೆ ಕೇಳಬಹುದು. ಮೊಬೈಲನ್ನು ಓದುವ ಒಂದು ಗಂಟೆ ಬೇರೆ ಕೋಣೆಯಲ್ಲಿಡಬೇಕು, ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಮಾಡಲೇಬೇಕು ಎಂಬುದನ್ನು ಎಲ್ಲರೂ ಹೇಳುತ್ತಾರೆ, ನಾನು ವಿಸ್ತರಿಸುವುದಿಲ್ಲ.

ತಪ್ಪನ್ನೆಲ್ಲ ವಿದ್ಯಾರ್ಥಿಗಳ ಮೇಲೆ ಹಾಕಲು ನನಗೆ ಮನಸ್ಸಿಲ್ಲ. ನಾನು ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ಮೊದಲ ಹತ್ತು ವರ್ಷ ನಾನೇ ನೋಟ್ಸು ಬರೆಸುತ್ತಿದ್ದೆ, ಪರೀಕ್ಷೆಗೆ ಮುನ್ನ "ಇಂಪಾರ್ಟೆಂಟ್" ಪ್ರಶ್ನೆಗಳಿಗೆ ಗುರುತು ಹಾಕಿಸುತ್ತಿದ್ದೆ. ಅದರಿಂದ ಫಲಿತಾಂಶ ಚೆನ್ನಾಗಿ ಬರುತ್ತಿತ್ತು, ಎಲ್ಲರೂ ಮೆಚ್ಚುತ್ತಿದ್ದರು. ಎರಡು ವರ್ಷ ಕಳೆದು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದ ನನ್ನದೇ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದು, ನಾನು ಕಲಿಸಿದ್ದ ಅಧ್ಯಾಯವನ್ನೇ ಹೊಸದಾಗಿ ಹೇಳಿಕೊಡಿ ಎಂದು ಕೇಳಿದಾಗ ನನಗಾದ ಸಂಕಟವನ್ನು ಇಂದಿಗೂ ಮರೆತಿಲ್ಲ. ಅವಳು ಪ್ರಥಮ ದರ್ಜೆಯಲ್ಲಿ ಪಾಸಾದವಳು.

ಆಮೇಲೆ ನಾನು ಪ್ರತಿ ತರಗತಿಯ ಮೊದಲ ಹತ್ತು ನಿಮಿಷವನ್ನು ಹಿಂದಿನ ವಾರದ ಮೂರು ಪ್ರಶ್ನೆಗಳಿಗೆ ಮೀಸಲಿಟ್ಟೆ. ಪುಸ್ತಕ ಮುಚ್ಚಿ, ಚೀಟಿಯಲ್ಲಿ ಉತ್ತರ ಬರೆದು, ಪಕ್ಕದವರೊಡನೆ ಸರಿನೋಡಿಕೊಳ್ಳಬೇಕು. ಅಂಕ ಇಲ್ಲ, ಹಾಜರಿಗೂ ಇದಕ್ಕೂ ಸಂಬಂಧವಿಲ್ಲ. ಅಂಕ ಸೇರಿಸಿದ ಕೂಡಲೇ ಅದು ಇನ್ನೊಂದು ಇಂಟರ್ನಲ್ಸ್ (ಕಾಲೇಜಿನ ಆಂತರಿಕ ಪರೀಕ್ಷೆ) ಆಗಿ, ನಕಲು ಮತ್ತು ಭಯ ಎರಡೂ ಒಳಗೆ ಬರುತ್ತವೆ. ಸಿಲಬಸ್ ಮುಗಿಯುವುದಿಲ್ಲವೆಂದು ಸಹೋದ್ಯೋಗಿಗಳು ಆಕ್ಷೇಪಿಸಿದ್ದರು. ಹಳೆಯದನ್ನು ಮತ್ತೆ ಹೇಳಬೇಕಾದ ಸಮಯ ಉಳಿದುದರಿಂದ ನನಗೆ ಸಿಲಬಸ್ ಮುಗಿಸುವುದು ಎಂದೂ ಕಷ್ಟವಾಗಲಿಲ್ಲ.

ವಿಶ್ವವಿದ್ಯಾಲಯಗಳೂ ಪ್ರಾಂಶುಪಾಲರೂ ಪ್ರಥಮ ಸೆಮಿಸ್ಟರಿನ ಮೊದಲ ವಾರದಲ್ಲೇ ಓದುವ ಕ್ರಮವನ್ನು ಕಲಿಸುವ ಎರಡು ಮೂರು ತರಗತಿಗಳನ್ನು ವೇಳಾಪಟ್ಟಿಯಲ್ಲಿ ಸೇರಿಸಬೇಕೆಂದು ಕೋರುತ್ತೇನೆ. ಇಂಟರ್ನಲ್ಸ್‌ನ ಉತ್ತರಪತ್ರಿಕೆಗಳನ್ನು ತಪ್ಪುಗಳನ್ನು ಗುರುತಿಸಿ ಒಂದು ವಾರದೊಳಗೆ ವಿದ್ಯಾರ್ಥಿಗಳ ಕೈಗೆ ಕೊಡಬೇಕು. ತಿಂಗಳ ಮೇಲೆ ಕೊಟ್ಟರೆ ಅಂಕ ನೋಡಿ ಮಡಿಚಿಡುತ್ತಾರೆ, ಅಷ್ಟೇ. ನಮ್ಮ ತಾಲ್ಲೂಕಿನ ಯಾವುದೇ ಕಾಲೇಜು ಕರೆದರೂ ಈ ಹತ್ತು ನಿಮಿಷದ ಅಭ್ಯಾಸವನ್ನು ತರಗತಿಯಲ್ಲೇ ಮಾಡಿ ತೋರಿಸಲು ನಾನು ಸಿದ್ಧಳಿದ್ದೇನೆ. ಸಂಭಾವನೆ, ಪ್ರಯಾಣ ವೆಚ್ಚ ಯಾವುದೂ ಬೇಡ.

– ನಿವೃತ್ತ ವಾಣಿಜ್ಯಶಾಸ್ತ್ರ ಉಪನ್ಯಾಸಕಿ, ತಿಪಟೂರು