ಓಲ್ಗಾ ಅವರನ್ನು ದಾದಿಯಾಗಿಯೂ ನೆನೆಯೋಣ: ಮಿಸ್ಸಿಸಾಗಾ ಮೇಯರ್ ಅವರಿಗೆ ಬಹಿರಂಗ ಪತ್ರ

ಮಾನ್ಯ ಮೇಯರ್ ಅವರಿಗೆ ನಮಸ್ಕಾರಗಳು.

1952ರಲ್ಲಿ, ಇಂದು ಕೆನಡಾದ ನಮ್ಮ ಮಿಸ್ಸಿಸಾಗಾ ನಗರದ ಭಾಗವಾಗಿರುವ ಕುಕ್ಸ್‌ವಿಲ್‌ಗೆ ಬಂದು, ಕ್ಯಾಮಿಲಾ ರಸ್ತೆಯ ಪುಟ್ಟ ಮನೆಯೊಂದರಲ್ಲಿ ಬದುಕಿನ ಕೊನೆಯ ವರ್ಷಗಳನ್ನು ಕಳೆದ ಚಿತ್ರಕಲಾವಿದೆ ಓಲ್ಗಾ ಅಲೆಕ್ಸಾಂಡ್ರೊವ್ನಾ ಅವರ ಕುರಿತು ಈ ಮನವಿ. ಈ ನಗರದ ಕನ್ನಡಿಗರೂ ಓದಲೆಂದು ಕನ್ನಡದಲ್ಲಿ ಬರೆದಿದ್ದೇನೆ. ಇಂಗ್ಲಿಷ್ ಪ್ರತಿಯನ್ನು ತಮ್ಮ ಕಚೇರಿಗೆ ಸಲ್ಲಿಸುತ್ತಿದ್ದೇನೆ.

ರಷ್ಯಾದ ಕೊನೆಯ ಚಕ್ರವರ್ತಿ ಎರಡನೆಯ ನಿಕೊಲಸನ ತಂಗಿ ಎಂದೇ ಎಲ್ಲರೂ ಅವರನ್ನು ಪರಿಚಯಿಸುತ್ತಾರೆ. ಆ ಪರಿಚಯ ಸುಳ್ಳಲ್ಲ, ಆದರೆ ಅವರು ಸ್ವತಃ ದುಡಿದು ಸಂಪಾದಿಸಿದ ಹೆಸರುಗಳು ಅದರ ಅಡಿಯಲ್ಲಿ ಮುಚ್ಚಿಹೋಗಿವೆ ಎಂಬುದೇ ನನ್ನ ಬೇಸರ. 1882ರಲ್ಲಿ ಪೀಟರ್‌ಹಾಫ್‌ನಲ್ಲಿ ಹುಟ್ಟಿದ ಈ ರಾಜಕುಮಾರಿಗೆ ಭೂಗೋಳ ಮತ್ತು ಲೆಕ್ಕದ ಪಾಠದ ವೇಳೆಯಲ್ಲೂ ಪೆನ್ಸಿಲ್ ಹಿಡಿದು ಕೂರಲು ಅನುಮತಿಯಿತ್ತು. ಹೂವೋ ತೆನೆಯೋ ಬರೆಯುತ್ತಿದ್ದರೆ ಪಾಠ ಹೆಚ್ಚು ಚೆನ್ನಾಗಿ ಕೇಳಿಸುತ್ತದೆ ಎಂದು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಅವರು ಸೇರಿದ್ದು ಇಂದು ಉಕ್ರೇನಿನಲ್ಲಿರುವ ರೊವ್ನೊ ಪಟ್ಟಣದ, ಸಿಬ್ಬಂದಿಯೇ ಸಾಲದಿದ್ದ ರೆಡ್ ಕ್ರಾಸ್ ಆಸ್ಪತ್ರೆಯನ್ನು. ದೊಡ್ಡವರು ಆಸ್ಪತ್ರೆಗೆ ಬಂದು ಹಣ್ಣು ಹಂಚಿ, ರೋಗಿಗಳ ಕೈ ಕುಲುಕಿ ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ಓಲ್ಗಾ ಹಾಗೆ ಬಂದು ಹೋದವರಲ್ಲ, ದಾದಿಯ ಉಡುಪು ತೊಟ್ಟು ಗಾಯಾಳು ಸೈನಿಕರ ಆರೈಕೆಗೆ ನಿಂತವರು. ಯುದ್ಧಭೂಮಿಗೆ ತೀರಾ ಸಮೀಪ, ಗುಂಡಿನ ದಾಳಿಯ ನಡುವೆಯೂ ಸೇವೆ ಮಾಡಿದ್ದಕ್ಕೆ ಸಂತ ಜಾರ್ಜ್ ಪದಕ ಅವರಿಗೆ ಸಂದಿತು. ಮುಂದೆ ಕೀವ್‌ನಲ್ಲಿ ತಮ್ಮದೇ ಖರ್ಚಿನಲ್ಲಿ ಆಸ್ಪತ್ರೆ ನಡೆಸಿದರು. 1916ರಲ್ಲಿ ಸೇನಾಧಿಕಾರಿ ನಿಕೊಲಾಯ್ ಕುಲಿಕೊವ್‌ಸ್ಕಿಯವರನ್ನು ವರಿಸಿದ್ದೂ ಆ ನಗರದಲ್ಲೇ.

ಕ್ರಾಂತಿಯ ನಂತರ 1920ರಲ್ಲಿ ಡೆನ್ಮಾರ್ಕ್, 1948ರಲ್ಲಿ ಕೆನಡಾ. ಈ ಅಲೆದಾಟದುದ್ದಕ್ಕೂ ಕುಂಚ ಅವರ ಕೈಬಿಡಲಿಲ್ಲ, ಸಂಸಾರಕ್ಕೆ ನಾಲ್ಕು ಕಾಸನ್ನೂ ತಂದುಕೊಟ್ಟಿತು. ಅವರು ರಚಿಸಿದ ಚಿತ್ರಗಳು ಎರಡು ಸಾವಿರಕ್ಕೂ ಹೆಚ್ಚು. ಕಿಟಕಿಯ ಬಳಿಯ ಹೂದಾನಿ, ಹಿಮ ಬಿದ್ದ ಅಂಗಳ, ಸಮೋವರ್ (ಚಹಾಕ್ಕೆ ನೀರು ಕಾಯಿಸುವ ರಷ್ಯನ್ ಪಾತ್ರೆ) ಇಟ್ಟ ಚಹಾದ ಮೇಜು: ಅವರ ಹೆಸರಾಂತ ಜಲವರ್ಣಗಳ ವಸ್ತು ಇಂಥವೇ. ಇವು ಬಿಡುವಿನ ವೇಳೆಯ ಚಂದದ ಚಿತ್ರಗಳಷ್ಟೇ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಆಸ್ಪತ್ರೆಯ ವಾರ್ಡಿನಲ್ಲಿ ಅಷ್ಟೊಂದು ನೋವನ್ನು ಹತ್ತಿರದಿಂದ ಕಂಡವರು ಹೂದಾನಿಯೊಂದರ ಮೇಲೆ ಇಷ್ಟು ಸಮಾಧಾನದಿಂದ ಕಣ್ಣು ನೆಟ್ಟಿದ್ದಾರೆಂದರೆ, ಆ ಸಮಾಧಾನ ಸುಮ್ಮನೆ ಬಂದದ್ದಲ್ಲ.

ಆದ್ದರಿಂದ, 1960ರಲ್ಲಿ ಅವರು ತೀರಿಕೊಂಡ ದಿನವಾದ ನವೆಂಬರ್ 24ರಂದು, ಅವರ ಚಿತ್ರಗಳನ್ನು ಯುದ್ಧಕಾಲದ ಸೇವೆಯ ವಿವರಗಳೊಂದಿಗೆ ಒಂದೇ ಕಡೆ ತೋರಿಸುವ ಪ್ರದರ್ಶನವೊಂದನ್ನು ನಗರದ ವಸ್ತುಸಂಗ್ರಹಾಲಯದ ವತಿಯಿಂದ ಏರ್ಪಡಿಸಬೇಕೆಂದು ಕೋರುತ್ತೇನೆ. ಅದನ್ನು ಉದ್ಘಾಟಿಸಲು ಗಣ್ಯರ ಬದಲು ನಮ್ಮ ಆಸ್ಪತ್ರೆಗಳ ನರ್ಸ್‌ಗಳನ್ನು ಕರೆಯಿರಿ. ಓಲ್ಗಾ ಅವರಂತೆಯೇ ಹುಟ್ಟಿದ ನಾಡನ್ನು ಬಿಟ್ಟು ಬಂದ ಎಷ್ಟೋ ಮಂದಿ ಅವರಲ್ಲಿದ್ದಾರೆ.

ತಮ್ಮ ವಿಶ್ವಾಸಿ,
ಮಿಸ್ಸಿಸಾಗಾದ ಕನ್ನಡತಿ