ಪಿಆರ್‌ಗೆ ಕಾಯುತ್ತಿರುವವರು ಮಾಲಕರಿಗೆ ಏನು ಹೇಳಬೇಕು?

ಮಾನ್ಯ ಸಂಪಾದಕರೇ,

ಕುಂಬಳೆ, ಉಪ್ಪಳ, ಬದಿಯಡ್ಕ ಪರಿಸರದ ಎಷ್ಟೋ ಮಕ್ಕಳು ಇಂದು ಕೆನಡಾದಲ್ಲಿ ಓದು ಮುಗಿಸಿ, ಓದಿನ ನಂತರ ಸಿಗುವ ವರ್ಕ್ ಪರ್ಮಿಟ್‌ನಲ್ಲಿ ದುಡಿಯುತ್ತ, ಕಾಯಂ ವಾಸದ ಅನುಮತಿಗೆ, ಅಂದರೆ ಪಿಆರ್‌ಗೆ, ಅರ್ಜಿ ಹಾಕಿ ಕಾಯುತ್ತಿದ್ದಾರೆ. ಅವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ಹೊಸ ಕೆಲಸದ ಸಂದರ್ಶನದಲ್ಲಿ ವೀಸಾದ ಮಾತು ಬಂದಾಗ ಕೆಲವರು "ಪಿಆರ್ ಇನ್ನೂ ಆಗಿಲ್ಲ" ಎಂದು ತಲೆ ತಗ್ಗಿಸುತ್ತಾರೆ, ಕೆಲವರು ಆಗಿದೆ ಎಂದೇ ಹೇಳಿಬಿಡುತ್ತಾರೆ. ಎರಡರ ಅಗತ್ಯವೂ ಇಲ್ಲ.

ಈ ಅಂಜಿಕೆಯಲ್ಲಿ ನಮ್ಮೂರಿನ ಗಲ್ಫ್ ಅನುಭವದ ಪಾಲೂ ಇದೆ ಎಂದು ನನ್ನ ಅನಿಸಿಕೆ. ಅಲ್ಲಿ ವೀಸಾ ಕಫೀಲನ, ಅಂದರೆ ಪ್ರಾಯೋಜಕನಾದ ಮಾಲಕನ, ಕೈಯಲ್ಲಿತ್ತು. ಕೆಲಸ ಹೋದರೆ ಇಖಾಮವೂ, ಅಂದರೆ ಅಲ್ಲಿ ವಾಸಿಸುವ ಪರವಾನಗಿಯೂ, ಹೋಗುತ್ತಿತ್ತು. ಹಾಗಾಗಿ ಮನೆಯ ಹಿರಿಯರು ಇಂದಿಗೂ "ಹೆಚ್ಚು ಮಾತಾಡಬೇಡ" ಎಂದೇ ಬುದ್ಧಿ ಹೇಳುತ್ತಾರೆ. ಆದರೆ ಕೆನಡಾದಲ್ಲಿ ಓದಿನ ನಂತರ ಸಿಗುವ ಪರ್ಮಿಟ್ ಓಪನ್ ವರ್ಕ್ ಪರ್ಮಿಟ್, ಅದು ಯಾವ ಒಬ್ಬ ಮಾಲಕನ ಹೆಸರಿಗೂ ಸೇರಿದ್ದಲ್ಲ. ಅದನ್ನು ಹೊಂದಿದವರನ್ನು ಕೆಲಸಕ್ಕೆ ಸೇರಿಸಿಕೊಳ್ಳಲು ಮಾಲಕ ಎಲ್‌ಎಂಐಎ, ಅಂದರೆ ವಿದೇಶಿ ಕೆಲಸಗಾರನ ಅಗತ್ಯದ ಬಗ್ಗೆ ಸರಕಾರದ ಪರಿಶೀಲನೆ, ಮಾಡಿಸಬೇಕಾಗಿಲ್ಲ. ಸಣ್ಣ ಸಂಸ್ಥೆಗಳ ಎಷ್ಟೋ ಮಾಲಕರಿಗೆ ಇದು ಗೊತ್ತಿರುವುದಿಲ್ಲ. ಕೆನಡಾದಲ್ಲಿ ದುಡಿಯಲು ಬೇಕಾದ ಸಾಮಾಜಿಕ ವಿಮಾ ಸಂಖ್ಯೆ, ಅಂದರೆ ಸಿನ್, ತಾತ್ಕಾಲಿಕ ನಿವಾಸಿಗಳಿಗೆ 9ರಿಂದ ಆರಂಭವಾಗುವುದನ್ನೂ ಅದಕ್ಕೊಂದು ಕೊನೆಯ ದಿನಾಂಕ ಇರುವುದನ್ನೂ ಕಂಡು ಅವರು ಹಿಂಜರಿಯುತ್ತಾರೆ. ಆದ್ದರಿಂದ "ಇಂಥ ತಾರೀಕಿನವರೆಗೆ ಎಲ್ಲಿ ಬೇಕಾದರೂ ದುಡಿಯುವ ಹಕ್ಕು ನನಗಿದೆ, ಪಿಆರ್ ಅರ್ಜಿ ಪರಿಶೀಲನೆಯಲ್ಲಿದೆ, ನಿಮ್ಮ ಕಡೆಯಿಂದ ಯಾವ ಕಾಗದವೂ ಬೇಡ" ಎಂದು ಪರ್ಮಿಟ್‌ನ ಪ್ರತಿಯನ್ನು ಮುಂದಿಟ್ಟು ಹೇಳುವುದೇ ಸರಿ.

ಆ ತಾರೀಕಿನ ನಂತರ ಏನು ಎಂಬ ಪ್ರಶ್ನೆ ಬಂದೇ ಬರುತ್ತದೆ. ಓದಿನ ನಂತರದ ಪರ್ಮಿಟ್ ಹೆಚ್ಚೆಂದರೆ 3 ವರ್ಷದ್ದು, ಸಾಮಾನ್ಯವಾಗಿ ನವೀಕರಣ ಇಲ್ಲ. ಆದರೆ ಅಂಕಗಳ ಆಧಾರದಲ್ಲಿ ಅಭ್ಯರ್ಥಿಗಳನ್ನು ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿಯಂಥ ವಿಭಾಗಗಳಲ್ಲಿ ಪಿಆರ್ ಅರ್ಜಿ ಸಲ್ಲಿಸಿ, ಅದು ಪೂರ್ಣವಾಗಿದೆಯೆಂಬ ಮೊದಲ ತಪಾಸಣೆಯನ್ನು ದಾಟಿದವರು, ಪಿಆರ್ ತೀರ್ಮಾನಕ್ಕೆ ಕಾಯುವ ಅವಧಿಗೆಂದು ಇರುವ ಬ್ರಿಡ್ಜಿಂಗ್ ಓಪನ್ ವರ್ಕ್ ಪರ್ಮಿಟ್ ಕೇಳಬಹುದು. ಹಳೆಯ ಪರ್ಮಿಟ್ ಮುಗಿಯುವ ಮೊದಲೇ ಇದಕ್ಕೆ ಅರ್ಜಿ ಹಾಕಿದ್ದರೆ, ತೀರ್ಮಾನ ಬರುವವರೆಗೆ ಹಳೆಯ ಷರತ್ತುಗಳ ಮೇಲೆಯೇ ಕೆಲಸ ಮುಂದುವರಿಸಲು ಕಾನೂನಿನ ಆಧಾರವಿದೆ. ಅರ್ಜಿ ಸಲ್ಲಿಸಿದ ದಾಖಲೆಯನ್ನು ಮಾಲಕನಿಗೆ ಒಪ್ಪಿಸಿದರೆ ಅವನ ಸಂಶಯವೂ ನಿಲ್ಲುತ್ತದೆ. ಆದರೆ ಈ ಆಧಾರ ದೇಶದೊಳಗೆ ಉಳಿದವರಿಗೆ ಮಾತ್ರ. ಆ ನಡುವೆ ಮದುವೆ, ಕೋಲ ಎಂದು ಮಕ್ಕಳನ್ನು ಊರಿಗೆ ಕರೆಸಿಕೊಳ್ಳುವ ತಂದೆತಾಯಿಗಳು ಇದನ್ನು ತಿಳಿದಿರಬೇಕು.

ಸುಳ್ಳು ಹೇಳುವವರ ಕಷ್ಟಕ್ಕೆ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲೇ ನಿದರ್ಶನವಿದೆ. ಇಂಪೀರಿಯಲ್ ಆಯಿಲ್ ಕಂಪನಿ, ಕೆನಡಾದಲ್ಲಿ ಕಾಯಂ ಆಗಿ ದುಡಿಯುವ ಅರ್ಹತೆ ಇರಬೇಕೆಂದು ಅಭ್ಯರ್ಥಿಗಳನ್ನು ಕೇಳುತ್ತಿತ್ತು. ಇದೆ ಎಂದು ಹೇಳಿದ ವಿದೇಶಿ ವಿದ್ಯಾರ್ಥಿಯೊಬ್ಬ ದಾಖಲೆ ಕೊಡಲಾಗದೆ ಸಿಕ್ಕ ಕೆಲಸವನ್ನು ಕಳೆದುಕೊಂಡ. ಆ ಷರತ್ತೇ ಪೌರತ್ವದ ಆಧಾರದ ತಾರತಮ್ಯವೆಂದು ಮಾನವ ಹಕ್ಕುಗಳ ನ್ಯಾಯಮಂಡಳಿ 2018ರಲ್ಲಿ ಹೇಳಿತು. ನಡುವೆ ಒಮ್ಮೆ ರದ್ದಾದ ಈ ನಿರ್ಣಯವನ್ನು ಅಪೀಲು ನ್ಯಾಯಾಲಯ 2023ರಲ್ಲಿ ಮತ್ತೆ ಎತ್ತಿಹಿಡಿಯಿತು. ಆತ ಗೆದ್ದದ್ದು ನಿಜ, ಆದರೆ ಕೆಲಸಕ್ಕೆ ಅರ್ಜಿ ಹಾಕುವ ಎಲ್ಲರಿಗೂ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವ ತ್ರಾಣ ಇರುವುದಿಲ್ಲ.

ವಿದೇಶಕ್ಕೆ ಹೊರಡುವವರಿಗೆ ಪೂರ್ವಮಾಹಿತಿ ಶಿಬಿರ ನಡೆಸುವ ಕೇರಳ ಸರಕಾರದ ನೋರ್ಕಾ ರೂಟ್ಸ್, ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳಲ್ಲಿ ಇಂಥ ವಿಷಯಗಳನ್ನು ಸೇರಿಸಿ, ಕನ್ನಡದಲ್ಲಿಯೂ ಶಿಬಿರ ಏರ್ಪಡಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

– ನಿವೃತ್ತ ಅಧ್ಯಾಪಕ, ಪೆರ್ಲ