ಈಜಿಪ್ಟ್ ಎಂದರೆ ಬರೀ ಪಿರಮಿಡ್ಡೇ?

ಮಾನ್ಯರೇ,

ಈಜಿಪ್ಟ್ ಎಂದರೆ ನಮ್ಮ ಪತ್ರಿಕೆಗಳಿಗೆ ಪಿರಮಿಡ್, ಮಮ್ಮಿ ಅಷ್ಟೇ. ಅಲ್ಲಿನ ಇವತ್ತಿನ ಕಲಾವಿದರ ಸುದ್ದಿ ಬರುವುದು ತೀರಾ ಕಡಿಮೆ.

ವಾಯೆಲ್ ಶೌಕಿ ಅವರನ್ನೇ ನೋಡಿ. 1971ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿದವರು. ಕ್ರೈಸ್ತರ ಧರ್ಮಯುದ್ಧಗಳ ಕಥೆಯನ್ನು ಅರಬರ ಕಣ್ಣಿನಿಂದ, ಸೂತ್ರದ ಗೊಂಬೆಗಳಿಂದಲೇ ಆಡಿಸಿ ಮೂರು ಚಿತ್ರ ಮಾಡಿದರು. ಮೂರನೆಯದರ ಗೊಂಬೆಗಳು ವೆನಿಸ್ ಪಕ್ಕದ ಮುರಾನೊದ ಗಾಜಿನವು. ಒಂದಕ್ಕೊಂದು ತಾಗಿದರೆ ಟಿಣ್ ಎನ್ನುತ್ತವೆ. ರಾಜರೂ ಸೈನಿಕರೂ ಯಾರದೋ ಕೈಯ ದಾರಕ್ಕೆ ಕುಣಿಯುವವರು ಎನ್ನುವುದಕ್ಕೆ ಬೇರೆ ಮಾತೇ ಬೇಕಿಲ್ಲ. ಗೊಂಬೆಯಾಟ ನೋಡಿ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ.

ಎರಡು ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಕಲಾಮೇಳವಾದ ವೆನಿಸ್ ಬಿಯನಾಲೆಯಲ್ಲಿ, 2024ರಲ್ಲಿ, ಈಜಿಪ್ಟ್ ಪರವಾಗಿ ಅವರು ತೋರಿಸಿದ್ದು ‘ಡ್ರಾಮಾ 1882’ ಎಂಬ ಹಾಡಿನ ಚಿತ್ರ. ಈಜಿಪ್ಟಿನ ಸೇನಾಧಿಕಾರಿ ಉರಾಬಿ ಮುಂದಾಳಾಗಿದ್ದ, 1882ರಲ್ಲಿ ಬ್ರಿಟಿಷರು ಯುದ್ಧ ಮಾಡಿ ಹತ್ತಿಕ್ಕಿದ ದಂಗೆಯ ಕಥೆ. ಸಂಗೀತವೂ ಅವರದೇ. ಆ ಯುದ್ಧಕ್ಕೆ ಬ್ರಿಟಿಷರು ಭಾರತದಿಂದಲೂ ಪಡೆ ಕರೆದೊಯ್ದಿದ್ದರು. ಬೆಂಗಳೂರಿನಲ್ಲಿ ನೆಲೆಯಿದ್ದ, ಸೇನೆಯ ಎಂಜಿನಿಯರ್‌ಗಳ ಪಡೆ ಮದ್ರಾಸ್ ಸ್ಯಾಪರ್ಸ್ ಕೂಡ ಅದರಲ್ಲಿತ್ತು. ಹಾಗಾದರೆ ಈ ಕಥೆ ನಮಗೆ ಅಷ್ಟೇನೂ ದೂರದ್ದಲ್ಲ, ಅಲ್ವಾ?

2010ರಲ್ಲಿ ಅವರು ತಮ್ಮ ಊರಿನಲ್ಲೇ ಯುವ ಕಲಾವಿದರಿಗಾಗಿ ‘ಮಾಸ್ ಅಲೆಕ್ಸಾಂಡ್ರಿಯಾ’ ಎಂಬ ಕಲಿಕೆಯ ಜಾಗ ಶುರುಮಾಡಿದರು. ನನಗೆ ಇದೇ ಜಾಸ್ತಿ ಹಿಡಿಸಿದ್ದು.

ಬೆಂಗಳೂರಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಗಲಿ, ಚಿತ್ರಕಲಾ ಪರಿಷತ್ತಾಗಲಿ ಈ ಚಿತ್ರಗಳನ್ನು ತರಿಸಿ, ಕನ್ನಡದ ಅಡಿಬರಹ ಹಾಕಿ ತೋರಿಸಲಿ. ಭಾನುವಾರದ ಪುರವಣಿಯಲ್ಲಿ ಇಂಥವರಿಗೆ ತಾವೂ ಅರ್ಧ ಪುಟ ಕೊಡಬಹುದು.

– ಓರ್ವ ಓದುಗ, ಬೆಂಗಳೂರು